ಕಣ್ಣಿಗೆ ಕಾಣದ್ದನ್ನು ಕೂಗದವರು

2023ರ ಸೆಪ್ಟೆಂಬರ್ ಮೊದಲ ವಾರ ನಾನು ಮಂಗಳೂರಿನಿಂದ ಬಹರೈನಿಗೆ ಬಂದೆ. ಅದರ ಮುಂದಿನ ಭಾನುವಾರ, ಜಪಾನ್ ಮೂಲದ ಒಂದು ಕಂಪನಿಯ ಆರು ಎಂಜಿನಿಯರುಗಳ ಎದುರು ಇಂಗ್ಲಿಷ್ ಶಿಕ್ಷಕನಾಗಿ ನಿಂತೆ. ಇಲ್ಲಿ ವಾರದ ಕೆಲಸ ಶುರುವಾಗುವುದು ಭಾನುವಾರ.

ಅದಕ್ಕೆ ಮೊದಲು ನಾನು ಒಂದು ಇಂಗ್ಲಿಷ್ ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ವರದಿಗಾರರು ಕಳಿಸಿದ ಸುದ್ದಿಯನ್ನು ತಿದ್ದಿ, ಕತ್ತರಿಸಿ, ತಲೆಬರಹ ಕೊಟ್ಟು ಪುಟಕ್ಕೆ ಕೂರಿಸುವ ಕೆಲಸ. ಪತ್ರಿಕೆ ತನ್ನ ಮಂಗಳೂರು ಆವೃತ್ತಿಯನ್ನು ನಿಲ್ಲಿಸಿತು. ನಲವತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿಸುವ ಸರ್ಟಿಫಿಕೇಟ್ ಕೋರ್ಸ್ ಮಾಡಿ, ಮನಾಮಾದ ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿರುವ ಒಂದು ತರಬೇತಿ ಸಂಸ್ಥೆಗೆ ಅರ್ಜಿ ಹಾಕಿದೆ. ಅರಬ್ ವಿದ್ಯಾರ್ಥಿಗಳು ಸಿಗುತ್ತಾರೆ ಎಂದುಕೊಂಡು ನಾಲ್ಕು ಅರಬಿ ಮಾತು ಬಾಯಿಪಾಠ ಮಾಡಿಕೊಂಡೇ ವಿಮಾನ ಹತ್ತಿದ್ದೆ. ಸಂಸ್ಥೆಯವರು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಜಪಾನಿಗಳ ಬಾಗಿಲಲ್ಲಿ ಇಳಿಸಿದರು. ಅರಬಿ ಮಾತುಗಳು ಟ್ಯಾಕ್ಸಿ ಚಾಲಕರ ಪಾಲಾದವು.

ನನಗೆ ಬೇಸರವೇನೂ ಆಗಲಿಲ್ಲ. ಒಂದು ವಿಮಾನ ಟಿಕೆಟಿಗೆ ಎರಡು ದೇಶ ಸಿಕ್ಕಿತು ಎನಿಸಿತು. ಆಫೀಸಿನ ಗಾಜಿನ ಬಾಗಿಲಿನ ಆಚೆಗೆ ಬಹರೈನ್; ಈಚೆಗೆ, ಬೂಟು ಬಿಚ್ಚಿ ಚಪ್ಪಲಿ ಹಾಕಿಕೊಂಡ ಕೂಡಲೇ, ಜಪಾನ್. ಶೌಚಾಲಯಕ್ಕೆ ಬೇರೆಯೇ ಚಪ್ಪಲಿ. ಮಡಿ ಮೈಲಿಗೆಯಲ್ಲಿ ಇಡೀ ಬೀದಿಯನ್ನು ಹೆದರಿಸಿಟ್ಟಿದ್ದ ನನ್ನ ಅಜ್ಜಿ ಇದ್ದಿದ್ದರೆ ಆ ಆಫೀಸಿಗೆ ಪೂರ್ಣ ಅಂಕ ಕೊಡುತ್ತಿದ್ದರು.

ಗುದೈಬಿಯಾದಲ್ಲಿ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ನನಗೆ ಪಾಲುಕೋಣೆ ಸಿಕ್ಕಿತು. ಜೊತೆಗಿದ್ದವರು ಕುಂದಾಪುರದವರು, ಹೋಟೆಲೊಂದರಲ್ಲಿ ಅಕೌಂಟೆಂಟ್. ಬೀದಿಗಿಳಿದರೆ ಒಂದು ಕಿವಿಗೆ ತುಳು, ಇನ್ನೊಂದು ಕಿವಿಗೆ ಬಂಗಾಳಿ. ನೀರುದೋಸೆ ಸಿಗುವ ಪುಟ್ಟ ಹೋಟೆಲಿನ ಪಕ್ಕದಲ್ಲೇ ಒಲೆಯಿಂದ ಬಿಸಿಬಿಸಿ ರೊಟ್ಟಿ ತೆಗೆಯುವ ಬೇಕರಿ. ಎ.ಸಿ. ಕೋಣೆಯಿಂದ ಹೊರಗೆ ಕಾಲಿಟ್ಟರೆ ಸೆಪ್ಟೆಂಬರಿನ ಸೆಕೆಗೆ ಕನ್ನಡಕ ಮಂಜಾಗಿ ಎದುರಿಗೆ ಬಂದವರ ಮುಖ ಕಾಣುತ್ತಿರಲಿಲ್ಲ. ಜಪಾನಿ ಕಂಪನಿಯ ಬಸ್ಸು ಬೆಳಗ್ಗೆ ಸಿಬ್ಬಂದಿಯನ್ನು ಹತ್ತಿಸಿಕೊಂಡು ಸಮುದ್ರದ ಮೇಲಿನ ಸೇತುವೆ ದಾಟಿ ಹಿದ್ದ್ ಕಡೆಯ ಕೈಗಾರಿಕಾ ಪ್ರದೇಶಕ್ಕೆ ಹೋಗುತ್ತಿತ್ತು. ಎರಡೂ ಬದಿಗೆ ಎಳೆಹಸಿರು ನೀರು. ದಿನಾ ನೋಡುತ್ತಿದ್ದರೂ ಕಿಟಕಿ ಬದಿಯ ಸೀಟಿಗಾಗಿ ನಾನು ಮೊದಲೇ ಹೋಗಿ ನಿಲ್ಲುತ್ತಿದ್ದೆ.

ಕೆಲಸದ ಷರತ್ತು ಸ್ಪಷ್ಟವಾಗಿತ್ತು. ಕಂಪನಿ ನೋಡಿಕೊಳ್ಳುತ್ತಿದ್ದುದು ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರದ ಪಂಪುಗಳ ದುರಸ್ತಿ. ಕೈಕೆಳಗೆ ಮಲಯಾಳಿ, ಫಿಲಿಪಿನೊ, ಬಾಂಗ್ಲಾದೇಶಿ ಫಿಟ್ಟರುಗಳು. ಕೆಲಸ ಶುರುವಾಗುವ ಮೊದಲು ತಂಡದ ಮುಂದಾಳು ಅವರನ್ನು ನಿಲ್ಲಿಸಿಕೊಂಡು ಇವತ್ತಿನ ಅಪಾಯಗಳೇನು, ಎಚ್ಚರ ಏನು ಎಂದು ಹೇಳಬೇಕು. ಅಲ್ಲಿಯವರೆಗೆ ಜಪಾನಿ ಮುಂದಾಳುಗಳ ಮಾತನ್ನು ಒಬ್ಬ ದುಭಾಷಿ ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಸ್ಥಾವರದವರು ಹೊಸ ನಿಯಮ ಮಾಡಿದ್ದರು: ದುಭಾಷಿ ಬೇಡ, ಮುಂದಾಳೇ ಇಂಗ್ಲಿಷಿನಲ್ಲಿ ಹೇಳಬೇಕು. ಡಿಸೆಂಬರಿನಲ್ಲಿ ಅವರ ಸುರಕ್ಷತಾ ಅಧಿಕಾರಿ ಬಂದು ಆರೂ ಮಂದಿಯನ್ನು ಪರೀಕ್ಷಿಸುವವರಿದ್ದರು. ಆರೂ ಮಂದಿ ಮಾತಾಡಿದರೆ ತರಗತಿ ಮುಂದುವರಿಯುತ್ತದೆ, ನನ್ನ ಕೆಲಸ ಖಾಯಂ ಆಗುತ್ತದೆ, ಹೆಂಡತಿ ಮಗಳಿಗೆ ವೀಸಾ ಹಾಕಬಹುದು. ಮಾತಾಡದಿದ್ದರೆ ಪರೀಕ್ಷಾವಧಿಯ ಕೊನೆಗೆ ನಾನು ಊರಿನ ವಿಮಾನ ಹತ್ತುವುದು. ಮಗಳು ಏಳನೆಯ ತರಗತಿಯಲ್ಲಿದ್ದಳು. ಇಲ್ಲಿನ ಭಾರತೀಯ ಶಾಲೆಗಳು ಏಪ್ರಿಲಿನಲ್ಲಿ ಶುರುವಾಗುತ್ತವೆ ಎಂಬುದನ್ನು ಅವಳೇ ಗೂಗಲ್ ಮಾಡಿ ನನಗೆ ತಿಳಿಸಿದ್ದಳು.

ಮೊದಲ ದಿನ ಹೇಳಿದ ಸಮಯಕ್ಕೆ ಸರಿಯಾಗಿ ಮೀಟಿಂಗ್ ಕೋಣೆಗೆ ಹೋದೆ. ಆರೂ ಮಂದಿ ಆಗಲೇ ಕೂತು, ಪುಸ್ತಕ ತೆರೆದು, ಪೆನ್ನನ್ನು ಪುಸ್ತಕದ ಅಂಚಿಗೆ ನೇರವಾಗಿ ಇಟ್ಟುಕೊಂಡು ಕಾಯುತ್ತಿದ್ದರು. ನನ್ನನ್ನು ಕಂಡು ಒಟ್ಟಿಗೆ ಎದ್ದು ಬಗ್ಗಿದರು. ನಾನೂ ಬಗ್ಗಿದೆ, ಜೊತೆಗೆ ಅಭ್ಯಾಸಬಲದಿಂದ ಕೈಮುಗಿದೆ. ಅದನ್ನು ಕಂಡು ಅವರು ಇನ್ನೊಮ್ಮೆ ಬಗ್ಗಿದರು. ನಾನು ಮತ್ತೊಮ್ಮೆ. ಇದು ಎಲ್ಲಿ ನಿಲ್ಲುತ್ತದೆ ಎಂದು ಯಾರಿಗೂ ಗೊತ್ತಾಗದೆ ಸ್ವಲ್ಪ ಹೊತ್ತು ನಡೆಯಿತು.

ಬಾಗಿಲಿನಿಂದ ಅತಿ ದೂರದ ಕುರ್ಚಿಯಲ್ಲಿ ತಂಡದ ಹಿರಿಯರಿದ್ದರು. ನಿವೃತ್ತಿಗೆ ಹತ್ತಿರವಿದ್ದ ತೆಳ್ಳನೆಯ ಮನುಷ್ಯ. ಕತ್ತರಿಸಿಟ್ಟಂತಹ ಬಿಳಿ ಕೂದಲು. ಬಾಗಿಲಿನ ಪಕ್ಕದಲ್ಲಿ ಎಲ್ಲರಿಗಿಂತ ಕಿರಿಯ, ಮೂವತ್ತರ ಒಳಗಿನವನು. ನಡುವೆ ನಾಲ್ವರು. ನಾನು ಪ್ರಶ್ನೆ ಕೇಳಿದೆ. ನಗುಮುಖದ ಮೌನ. ಇನ್ನೂ ಸುಲಭದ ಪ್ರಶ್ನೆ ಕೇಳಿದೆ. ಮೌನ ಇನ್ನೂ ನಯವಾಯಿತು. ‘ಅರ್ಥವಾಯಿತೇ?’ ಎಂದರೆ ಆರು ತಲೆಗಳು ಒಟ್ಟಿಗೆ ಅಲ್ಲಾಡಿ ‘ಹಾಯ್’, ಅಂದರೆ ಜಪಾನಿಯಲ್ಲಿ ಹೌದು, ಎಂದವು. ಪತ್ರಿಕಾಗೋಷ್ಠಿಗಳಲ್ಲಿ ಉತ್ತರ ಕೊಡದ ಮಂತ್ರಿಗಳನ್ನು ಸಾಕಷ್ಟು ನೋಡಿದ್ದೇನೆ. ಅವರು ಉತ್ತರ ಕೊಡದೆ ಬಹಳ ಮಾತಾಡುತ್ತಾರೆ. ಈ ಬಗೆ ನನಗೆ ಹೊಸದು.

ಕಂಪನಿಯ ಆಡಳಿತ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಶಿರ್ವ ಕಡೆಯ ಕ್ರೈಸ್ತ ಮಹಿಳೆ. ಮದುವೆಯಾಗಿ ಬಂದ ಲಾಗಾಯ್ತು ಬಹರೈನಿನಲ್ಲೇ ಇದ್ದವರು. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ‘ಬಾಯಮ್ಮ’ ಎಂದೇ ಕರೆಯುತ್ತಿದ್ದೆ. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ, ಫಿಟ್ಟರುಗಳೊಡನೆ ಹಿಂದಿ, ಸರ್ಕಾರಿ ಕಚೇರಿಗೆ ಫೋನ್ ಮಾಡಿದಾಗ ಅರಬಿ. ಸಂಜೆ ಹೊರಡುವಾಗ ಜಪಾನಿಗಳಿಗೆ ‘ಒತ್ಸುಕಾರೆಸಾಮಾ’, ಅಂದರೆ ದಣಿದಿರಿ, ಒಳ್ಳೆಯ ಕೆಲಸವಾಯಿತು ಎಂಬ ಮಾತು. ಎರಡು ವಾರ ಕಳೆದ ಮೇಲೆ ಒಂದು ದಿನ ಚಹಾದ ಹೊತ್ತಿಗೆ ನನ್ನ ಮೇಜಿನ ಬಳಿ ನಿಂತರು.

“ಎಂತ ಮಾಸ್ಟ್ರೇ, ಮುಖ ಒಣಗಿದ ಬಂಗುಡೆ ಹಾಗೆ ಮಾಡಿಕೊಂಡಿದ್ದೀರಿ?”

“ಒಬ್ಬರೂ ಬಾಯಿ ಬಿಡುದಿಲ್ಲ ಬಾಯಮ್ಮ. ಗೋಡೆಗೆ ಪಾಠ ಮಾಡಿದ ಹಾಗೆ.”

“ಗೋಡೆಯಾದ್ರೆ ನಿಮ್ಮ ಮಾತಾದ್ರೂ ತಿರುಗಿ ಬರ್ತದೆ.”

“ಅರ್ಥ ಆಯ್ತಾ ಕೇಳಿದ್ರೆ ಎಲ್ಲರೂ ಹಾಯ್ ಅಂತಾರೆ.”

“ಹಾಯ್ ಅಂದ್ರೆ ಅರ್ಥ ಆಯ್ತು ಅಂತಲ್ಲ ಮಾರಾಯ್ರೆ. ನೀವು ಹೇಳಿದ್ದು ಕಿವಿಗೆ ಬಿತ್ತು ಅಂತ ಅಷ್ಟೇ.” ಅವರು ಕುರ್ಚಿ ಎಳೆದು ಕೂತರು. “ನೀವು ಯಾರ ಹತ್ರ ಮೊದಲು ಕೇಳುದು?”

“ಬಾಗಿಲ ಹತ್ರ ಕೂತ ಆ ಸಣ್ಣವನ ಹತ್ರ. ಅವನಿಗೆ ಚೂರು ಧೈರ್ಯ ಇರಬಹುದು ಅಂತ.”

“ಸಾಯ್ಬಾ ಭೊಗೊಸ್!” ದೇವರೇ ಕ್ಷಮಿಸು ಎಂದು ಅವರು ಹಣೆಗೆ ಕೈ ಕೊಟ್ಟುಕೊಂಡರು. “ದೊಡ್ಡವರು ಕೂತಿರುವಾಗ ಸಣ್ಣವನು ಮಾತಾಡ್ತಾನಾ? ಊರಲ್ಲಿ ಮದುವೆ ಊಟಕ್ಕೆ ಕೂತಾಗ ಹಿರಿಯರು ಎಲೆಗೆ ಕೈ ಹಾಕುವ ಮೊದಲು ನೀವು ಹಪ್ಪಳ ಮುರೀತೀರಾ?”

“ನಾನು ಮುರೀತಿದ್ದೆ.”

“ಅದಕ್ಕೇ ನಿಮ್ಮನ್ನು ಪೇಪರಿನವರು ಸೇರಿಸಿಕೊಂಡದ್ದು.”

ಹಾಗಾದರೆ ಆ ಹಿರಿಯರು ಯಾಕೆ ಮಾತಾಡುವುದಿಲ್ಲ ಎಂದು ಕೇಳಿದೆ. ತಪ್ಪು ಇಂಗ್ಲಿಷ್ ಆಡಲು ನಾಚಿಕೆಯೋ?

“ನಾಚಿಕೆಯಾ? ಅವರಿಗಾ?” ಬಾಯಮ್ಮ ಚಹಾದ ಲೋಟ ಎತ್ತಿಕೊಂಡು ಎದ್ದರು. “ನಾಳೆ ಕೋಣೆಗೆ ಬರ್ಬೇಡಿ. ಬೆಳಿಗ್ಗೆ ಸೀದಾ ಪಂಪ್ ರಿಪೇರಿಯ ಶೆಡ್ಡಿಗೆ ಬನ್ನಿ. ಕಿವಿಗೆ ಹತ್ತಿ ಇಟ್ಟುಕೊಂಡು ಬನ್ನಿ.”

ಮರುದಿನ ಬಿಸಿಲು ಏರುವ ಮೊದಲೇ ಶೆಡ್ಡಿನ ಅಂಗಳದಲ್ಲಿದ್ದೆ. ಧ್ವನಿವರ್ಧಕದಲ್ಲಿ ಪಿಯಾನೊ ಸಂಗೀತ ಶುರುವಾಯಿತು. ಮ್ಯಾನೇಜರಿನಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಸಾಲಾಗಿ ನಿಂತು ಕೈ ಎತ್ತಿ ಇಳಿಸಿ, ಸೊಂಟ ತಿರುಗಿಸಿ, ಕುಪ್ಪಳಿಸಿ ವ್ಯಾಯಾಮ ಮಾಡಿದರು. ನಾನು ನೋಡುತ್ತ ನಿಲ್ಲುವವನಿದ್ದೆ. ಪಕ್ಕದಲ್ಲಿದ್ದ ಮಲಯಾಳಿ ಫಿಟ್ಟರ್ “ಸಾರ್, ನಿಂತರೆ ಎಲ್ಲರೂ ನಿಮ್ಮನ್ನೇ ನೋಡ್ತಾರೆ, ಕುಣಿದ್ರೆ ಯಾರೂ ನೋಡಲ್ಲ” ಎಂದು ಹಿಂದಿಯಲ್ಲಿ ಹೇಳಿದ. ಕುಣಿದೆ. ಶಾಲೆ ಬಿಟ್ಟ ಮೇಲೆ ನಾನು ಕುಪ್ಪಳಿಸಿದ್ದು ಅದೇ ಮೊದಲು.

ಆಮೇಲೆ ಹಿರಿಯರು ಒಂದು ಪಂಪಿನ ಎದುರು ಹೋಗಿ ನಿಂತರು. ಕಾಲು ಜೋಡಿಸಿದರು. ಬಲಗೈಯನ್ನು ಭುಜದ ನೇರಕ್ಕೆ ಚಾಚಿ, ತೋರುಬೆರಳನ್ನು ಒಂದು ವಾಲ್ವಿನತ್ತ ನೆಟ್ಟು, ಅದನ್ನೇ ದಿಟ್ಟಿಸಿ, ಇಡೀ ಶೆಡ್ಡಿನ ತಗಡು ನಡುಗುವ ಹಾಗೆ ಜಪಾನಿಯಲ್ಲಿ ಏನೋ ಕೂಗಿದರು. ಕೊನೆಗೆ “ಯೋಶಿ!” ಅವರು ಕೈ ಇಳಿಸಿ ಮುಂದಿನ ವಾಲ್ವಿಗೆ ಹೋದರು. ಮತ್ತೆ ಕೈ, ಕಣ್ಣು, ಕೂಗು. ಹಿಂದೆಯೇ ಉಳಿದ ಐವರು. ಬಾಗಿಲ ಬದಿಯ ಆ ಕಿರಿಯನ ಗಂಟಲು ಎಲ್ಲರಿಗಿಂತ ದೊಡ್ಡದು. ಅವರ ಹಿಂದೆ ಮಲಯಾಳಿ ‘ಯೋಶಿ’, ಬಂಗಾಳಿ ‘ಯೋಶಿ’.

“ವಾಲ್ವ್ ಮುಚ್ಚಿದೆ, ಸರಿ ಉಂಟು ಅಂತ,” ಬಾಯಮ್ಮ ಬಿಡಿಸಿ ಹೇಳಿದರು. ಸದ್ದಿಗೆ ಅವರೂ ಕೂಗಿಯೇ ಹೇಳಬೇಕಾಯಿತು. “ಕಣ್ಣು, ಕೈ, ಬಾಯಿ, ಕಿವಿ ಒಟ್ಟಿಗೆ ಕೆಲಸ ಮಾಡಿದ್ರೆ ಮರೆವು ಆಗುದಿಲ್ಲ ಅಂತ ಅವರ ಲೆಕ್ಕ. ಅಲ್ಲಿ ರೈಲು ಓಡಿಸುವವರೂ ಹೀಗೇ ಮಾಡುದಂತೆ. ಈಗ ಹೇಳಿ, ಯಾರಿಗೆ ನಾಚಿಕೆ?”

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಸಮುದ್ರವನ್ನು ನೋಡಲಿಲ್ಲ. ಪಾಠ ಕಟ್ಟುತ್ತಿದ್ದೆ.

ಮುಂದಿನ ತರಗತಿಯಲ್ಲಿ ಬೋರ್ಡಿನ ಮೇಲೆ ಏನನ್ನೂ ಬರೆಯಲಿಲ್ಲ. ನೇರವಾಗಿ ಹಿರಿಯರತ್ತ ತಿರುಗಿ, ಬಗ್ಗಿ, ಗೋಡೆಯ ಗಡಿಯಾರದತ್ತ ಕೈ ಚಾಚಿ, “ಗಡಿಯಾರ ಓಡುತ್ತಿದೆ, ಯೋಶಿ!” ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಹಿರಿಯರು ಕುರ್ಚಿ ಹಿಂದೆ ಸರಿಸಿ ಎದ್ದರು. ಕಾಲು ಜೋಡಿಸಿದರು. ಗಡಿಯಾರವನ್ನು ಪರಿಶೀಲಿಸಿದರು. ನನಗಿಂತ ಹತ್ತು ಪಟ್ಟು ದೊಡ್ಡ ಧ್ವನಿಯಲ್ಲಿ ಅದೇ ಇಂಗ್ಲಿಷ್ ವಾಕ್ಯವನ್ನು ಕೂಗಿದರು. ಆಮೇಲೆ ವಯಸ್ಸಿನ ಕ್ರಮದಲ್ಲಿ ಉಳಿದವರು ಎದ್ದರು. ದೀಪ ಉರಿಯುತ್ತಿದೆ. ಬೋರ್ಡ್ ಸ್ವಚ್ಛವಾಗಿದೆ. ನೀರಿನ ಬಾಟಲಿ ತುಂಬಿದೆ. ಪಕ್ಕದ ಲೆಕ್ಕಪತ್ರ ವಿಭಾಗದವರು ಬೆಂಕಿ ಬಿದ್ದಿತೆಂದು ಬಾಗಿಲು ತೆರೆದು ನೋಡಿದರು. ಪುಟ ಕಟ್ಟುವ ಕೊನೆಯ ಗಳಿಗೆಯಲ್ಲಿ ದೊಡ್ಡ ಸುದ್ದಿ ಬಂದಾಗ ಡೆಸ್ಕಿನಲ್ಲಿ ಏಳುವ ಗದ್ದಲ ನನಗೆ ಗೊತ್ತು. ಮುಚ್ಚಿದ ಆವೃತ್ತಿಯ ಜೊತೆಗೇ ಹೋಯಿತು ಎಂದುಕೊಂಡಿದ್ದ ಆ ಹುರುಪು ಆ ಕೋಣೆಯಲ್ಲಿ ಮತ್ತೆ ಸಿಕ್ಕಿತು.

ಕುಂದಾಪುರದವರು ನನ್ನ ಹೊಸ ಚಾಳಿಯನ್ನು ಬೇಗ ಕಂಡುಹಿಡಿದರು. ಬೆಳಗ್ಗೆ ಹೊರಡುವ ಮೊದಲು ನಾನು ಅಡುಗೆಮನೆಯ ಎದುರು ನಿಂತು ಸಿಲಿಂಡರಿನತ್ತ ಬೆರಳು ಚಾಚುತ್ತಿದ್ದೆ.

“ಎಂತ ಮಾರಾಯ್ರೆ ಅದು, ಸಿಲಿಂಡರಿಗೆ ಆರತಿಯಾ?”

“ಗ್ಯಾಸ್ ಆಫ್ ಉಂಟು, ಯೋಶಿ.”

“ಇವತ್ತು ಸಿಲಿಂಡರ್. ನಾಳೆ ನನ್ನನ್ನು ತೋರಿಸಿ ಎಂತ ಕೂಗ್ತೀರೋ ದೇವರಿಗೇ ಗೊತ್ತು,” ಎಂದು ಅವರು ಶೂ ಹಾಕಿಕೊಂಡು ನನಗಿಂತ ಮೊದಲು ಹೊರಬಿದ್ದರು.

ಅಕ್ಟೋಬರ್ ಮುಗಿಯುವಷ್ಟರಲ್ಲಿ ತೊಡಕು ಬಂತು. ಮೀಟಿಂಗ್ ಕೋಣೆಯಲ್ಲಿ ತೋರಿಸಲು ಇದ್ದದ್ದಾದರೂ ಎಷ್ಟು? ಮೇಜು, ಕುರ್ಚಿ, ಗಡಿಯಾರ, ಪ್ರೊಜೆಕ್ಟರ್. ನನಗೆ ಇನ್ನಷ್ಟು ವಾಕ್ಯಗಳು ಬೇಕಿದ್ದವು. ಪಾಠಪುಸ್ತಕದ ರೀತಿಯಲ್ಲಿ ಇಲ್ಲದ್ದನ್ನೂ ಹೇಳಿಸತೊಡಗಿದೆ. ಒಣಗಿದ ನೆಲವನ್ನು ತೋರಿಸಿ “ನೆಲದ ಮೇಲೆ ಎಣ್ಣೆ ಚೆಲ್ಲಿದೆ” ಅನ್ನಿ ಎಂದೆ. ಕಿಟಕಿಯೇ ಇಲ್ಲದ ಗೋಡೆಯತ್ತ ಕೈಮಾಡಿ “ಕಿಟಕಿ ತೆರೆದಿದೆ” ಅನ್ನಿ ಎಂದೆ. ಹೇಳಿದರು. ಆದರೆ ಧ್ವನಿ ದಿನದಿಂದ ದಿನಕ್ಕೆ ಕುಗ್ಗಿತು. ಬೆರಳು ಪೂರ್ತಿ ಚಾಚುವುದು ನಿಂತಿತು. ‘ಯೋಶಿ’ ಎಂಬುದು ಗೊಣಗಾಟವಾಯಿತು. ದಣಿದಿದ್ದಾರೆ ಎಂದು ನಾನು ಬಗೆದೆ. ಹುರಿದುಂಬಿಸಲು ಇನ್ನೂ ಜೋರಾಗಿ ಕೂಗಿದೆ.

ಒಂದು ಮಂಗಳವಾರ ಬಾಗಿಲು ಅರ್ಧ ತೆರೆದಿತ್ತು. ನಾನು ಅದರತ್ತ ಕೈ ಚಾಚಿ “ಬಾಗಿಲು ಮುಚ್ಚಿದೆ” ಎಂದು ಹೇಳಿಕೊಟ್ಟೆ. ಹಿರಿಯರು ಬಾಗಿಲನ್ನು ನೋಡಿದರು. ನನ್ನನ್ನು ನೋಡಿದರು. ಐವರೂ ಪುಸ್ತಕ ನೋಡುತ್ತ ಕೂತರು. ಮೊದಲ ದಿನದ ಮೌನಕ್ಕಿಂತ ಇದು ಗಟ್ಟಿಯಾಗಿತ್ತು. ಮತ್ತೊಮ್ಮೆ ಹೇಳಿಕೊಟ್ಟೆ.

ಹಿರಿಯರು ಎದ್ದು ನಿಂತರು.

“ಸೆನ್ಸೇ,” ಎಂದರು. ಗುರುಗಳೇ ಎಂದಂತೆ. ಆಮೇಲೆ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಇಟ್ಟು: “ಬಾಗಿಲು, ಮುಚ್ಚಿಲ್ಲ. ನಾನು, ಹೇಳುವುದಿಲ್ಲ.”

ನಡೆದು ಹೋಗಿ ಬಾಗಿಲನ್ನು ಎಳೆದು ಮುಚ್ಚಿದರು. ಹಿಡಿಯನ್ನು ಅಲ್ಲಾಡಿಸಿ ಖಚಿತಪಡಿಸಿಕೊಂಡರು. ತಮ್ಮ ಜಾಗಕ್ಕೆ ಮರಳಿ, ಕಾಲು ಜೋಡಿಸಿ, ಕೈ ಪೂರ್ತಿ ಚಾಚಿ ಕೂಗಿದರು: “ಬಾಗಿಲು ಮುಚ್ಚಿದೆ. ಯೋಶಿ!”

ಅದುವರೆಗೆ ಅವರು ಆಡಿದ್ದೆಲ್ಲ ನಾನು ಹೇಳಿಕೊಟ್ಟ ವಾಕ್ಯ. ‘ನಾನು ಹೇಳುವುದಿಲ್ಲ’ ಎಂಬುದು ಅವರದೇ. ಅದೂ ನನ್ನನ್ನು ತಡೆಯಲು ಆಡಿದ್ದು. ಬಿಟ್ಟುಬಿಡಬಾರದು ಎನಿಸಿತು.

“ಮೊನ್ನೆ ಎಣ್ಣೆ ಚೆಲ್ಲಿದೆ ಎಂದಿರಲ್ಲ?” ಎಂದು ಕೇಳಿದೆ.

“ಅದು ಕೆಟ್ಟದ್ದು. ಕ್ಷಮಿಸಿ.” ಅವರು ಪದ ಹುಡುಕಿದರು. “ಎಣ್ಣೆ ಇಲ್ಲ. ನಾನು ಕೂಗಿದೆ, ಎಣ್ಣೆ. ನಾಳೆ ಎಣ್ಣೆ ಇದೆ. ನಾನು ಕೂಗುತ್ತೇನೆ, ಎಣ್ಣೆ. ಜನ...” ಪದ ಸಿಗಲಿಲ್ಲ. ಪಕ್ಕದವರತ್ತ ತಿರುಗಿ ಜಪಾನಿಯಲ್ಲಿ ಕೇಳಿದರು. ಪಕ್ಕದವರು ಅವರ ಪಕ್ಕದವರನ್ನು. ಕಡೆಗೆ ಬಾಗಿಲ ಬಳಿಯ ಕಿರಿಯ ತಲೆಯೆತ್ತಿ ಇಂಗ್ಲಿಷಿನಲ್ಲಿ ಹೇಳಿದ: “ನಂಬುವುದಿಲ್ಲ.”

“ಜನ ನಂಬುವುದಿಲ್ಲ,” ಎಂದರು ಹಿರಿಯರು.

“ಕೂಗು ಆಟವಲ್ಲ, ಸೆನ್ಸೇ,” ಎಂದರು ಇನ್ನೊಬ್ಬರು. ಮೂರನೆಯವರು ಕೈಯನ್ನು ಕಣ್ಣಿನ ಬಳಿ ತಂದು “ಮೊದಲು ಕಣ್ಣು,” ಬಾಯಿಯ ಬಳಿ ತಂದು “ಆಮೇಲೆ ಇದು” ಎಂದರು. ಆ ಪಾಠದ ಉಳಿದ ಅವಧಿಯಲ್ಲಿ ಅವರೇ ಮಾತಾಡಿದರು. ವಿಷಯ, ನನ್ನ ತಪ್ಪು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ.

ನಮ್ಮ ಡೆಸ್ಕಿನ ಹಳೆಯ ಮುಖ್ಯ ಉಪಸಂಪಾದಕರು ಯಾವ ವರದಿ ತಂದುಕೊಟ್ಟರೂ ಮೊದಲು ಕೇಳುತ್ತಿದ್ದುದು ಒಂದೇ ಮಾತು: “ನೋಡಿದ್ದು ಯಾರು?” ನೋಡಿದವರಿಲ್ಲದ ಸುದ್ದಿ ಎಷ್ಟು ಚೆನ್ನಾಗಿದ್ದರೂ ಕಸದ ಬುಟ್ಟಿಗೆ. ಅವರ ಕೈಕೆಳಗೆ ವರ್ಷಗಟ್ಟಲೆ ದುಡಿದವನು ನಾನು. ಪಾಠಪುಸ್ತಕ ಕೈಗೆ ಬಂದ ಕೂಡಲೇ ಆ ಪ್ರಶ್ನೆಯನ್ನು ಕೇಳಿಕೊಳ್ಳದೆ ಕಿಟಕಿಯಿಲ್ಲದ ಗೋಡೆಯಲ್ಲಿ ಕಿಟಕಿ ತೆರೆಸಿದ್ದೆ.

ಆ ಸಂಜೆ ಬಾಯಮ್ಮನಿಗೆ ಹೇಳಿದಾಗ ಅವರು ನಗುತ್ತ ಕೂತುಬಿಟ್ಟರು. “ನಮ್ಮ ಇಗರ್ಜಿಯ ಪಾದ್ರಿಗಳಿಗೂ ಇದನ್ನು ಹೇಳ್ಬೇಕು,” ಎಂದರು. ಮರುದಿನವೇ ಮ್ಯಾನೇಜರರಿಂದ ಅನುಮತಿ ಕೊಡಿಸಿದರು. ತರಗತಿ ಮೀಟಿಂಗ್ ಕೋಣೆಯಿಂದ ಶೆಡ್ಡಿಗೆ ಹೋಯಿತು. ನಿಯಮ ಒಂದೇ: ಎದುರಿಗಿರುವುದನ್ನು ಮಾತ್ರ ಹೇಳುವುದು.

ನವೆಂಬರಿನಲ್ಲಿ ಬಹರೈನಿನ ಗಾಳಿ ತಿರುಗುತ್ತದೆ. ಕನ್ನಡಕ ಮಂಜಾಗುವುದು ನಿಂತಿತು. ತಲೆಗೆ ಹೆಲ್ಮೆಟ್ ಹಾಕಿಕೊಂಡು ಏಳು ಮಂದಿ ಪಂಪುಗಳ ನಡುವೆ ನಡೆಯುತ್ತಿದ್ದೆವು. ಇದೇನು? ನೀರು ಸೋರದಂತೆ ತಡೆಯುವ ಸೀಲ್. ಹೇಗಿದೆ? ಸವೆದಿದೆ. ಹಾಗಿದ್ದರೆ ಏನು ಮಾಡುತ್ತೀರಿ? ಉತ್ತರಕ್ಕೆ ನಾನು ಕಾಯಬೇಕಾಗುತ್ತಿರಲಿಲ್ಲ, ಕೆಲವೊಮ್ಮೆ ತಡೆಯಬೇಕಾಗುತ್ತಿತ್ತು. ಪಂಪಿನ ವಿಷಯದಲ್ಲಿ ನನಗೆ ಎಳ್ಳಷ್ಟೂ ಗೊತ್ತಿಲ್ಲ ಎಂಬುದು ಎಲ್ಲರಿಗಿಂತ ಹೆಚ್ಚು ಸಹಾಯ ಮಾಡಿತು. ಗೊತ್ತಿಲ್ಲದವನಿಗೆ ತಿಳಿಹೇಳುವ ಉತ್ಸಾಹದಲ್ಲಿ ಅವರು ಇಂಗ್ಲಿಷಿನ ಭಯವನ್ನು ಮರೆಯುತ್ತಿದ್ದರು.

ಒಮ್ಮೆ ಬಿಡುವಿನಲ್ಲಿ ಹಿರಿಯರು ಫೋನ್ ತೆಗೆದು ಹಿಮದಲ್ಲಿ ಮುಕ್ಕಾಲು ಮುಚ್ಚಿಹೋದ ಒಂದು ಮನೆಯ ಚಿತ್ರ ತೋರಿಸಿದರು.

“ನಿಮ್ಮ ಮನೆಯೇ? ಹಿಮ ಬಿದ್ದಿದೆ!” ಎಂದೆ.

“ಬಿದ್ದಿತ್ತು. ಕಳೆದ ಜನವರಿ,” ಎಂದರು. “ಇವತ್ತು, ಗೊತ್ತಿಲ್ಲ. ಹೆಂಡತಿಯನ್ನು ಕೇಳಬೇಕು.”

ಮನೆಗೆ ಫೋನ್ ಮಾಡಿದಾಗ ಮಗಳಿಗೆ ಇದನ್ನು ಹೇಳಿದೆ. “ಪಪ್ಪಾ, ಹಿ ಈಸ್ ಸೋ ಕೂಲ್,” ಎಂದಳು. ಹೆಂಡತಿ ಫೋನ್ ಕಸಿದುಕೊಂಡಳು. “ಅವರ ಕತೆ ಇರಲಿ. ಡಿಸೆಂಬರಿನದ್ದು ಎಂತ ಆಗ್ತದೆ? ಇವಳ ಶಾಲೆಯವರು ಮುಂದಿನ ವರ್ಷಕ್ಕೆ ಇರ್ತಾಳಾ ಇಲ್ವಾ ಅಂತ ಕೇಳ್ತಿದ್ದಾರೆ. ನಾನು ಎಂತ ಹೇಳುದು?”

“ಆಗ್ತದೆ ಅಂತ ಅನಿಸ್ತದೆ.”

“ಅನಿಸುದು ಬೇಡ. ನೋಡಿ ಹೇಳಿ,” ಎಂದಳು.

ಡಿಸೆಂಬರ್ ಎರಡನೆಯ ವಾರ ಸ್ಥಾವರದ ಸುರಕ್ಷತಾ ಅಧಿಕಾರಿ ಬಂದರು. ಬಹರೈನಿನವರು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬ್ಲೆಟ್, ಮಾತಿನಲ್ಲಿ ಅವಸರ. ಅದೇ ದಿನ ಇನ್ನೆರಡು ಕಂಪನಿಗಳಿಗೆ ಹೋಗುವುದಿತ್ತು. ಪರೀಕ್ಷೆ ಮೀಟಿಂಗ್ ಕೋಣೆಯಲ್ಲೇ ಆಗಲಿ ಎಂದರು. ನಾನು ಮತ್ತು ಬಾಯಮ್ಮ ಹಿಂದಿನ ಸಾಲಿನಲ್ಲಿ ಕೂತೆವು. ಬಾಯಮ್ಮನ ಕೈ ಕತ್ತಿನ ಶಿಲುಬೆಯ ಮೇಲಿತ್ತು.

ಅಧಿಕಾರಿ ನಾಲ್ಕು ಖಾಲಿ ಕುರ್ಚಿಗಳನ್ನು ಸಾಲಾಗಿ ಇರಿಸಿ ಹಿರಿಯರಿಗೆ ಹೇಳಿದರು: “ಇವರೇ ನಿಮ್ಮ ಕೆಲಸಗಾರರು ಎಂದುಕೊಳ್ಳಿ. ಈ ಮೇಜು ಪಂಪ್ ಎಂದುಕೊಳ್ಳಿ. ಶುರು ಮಾಡಿ.”

ಹಿರಿಯರು ಎದ್ದು ನಿಂತರು. ಕುರ್ಚಿಗಳನ್ನು ನೋಡಿದರು. ಮೇಜನ್ನು ನೋಡಿದರು.

“ಯಲ್ಲಾ, ಶುರು ಮಾಡಿ,” ಎಂದು ಅಧಿಕಾರಿ ಅರಬಿ ಬೆರೆಸಿ ಅವಸರಪಡಿಸಿದರು.

ಹಿರಿಯರ ಬಾಯಿ ತೆರೆಯಲಿಲ್ಲ. ಐವರೂ ನೆಲ ನೋಡಿದರು. ಅಧಿಕಾರಿ ಟ್ಯಾಬ್ಲೆಟ್ಟಿನಲ್ಲಿ ಏನನ್ನೋ ಒತ್ತಿದರು. “ದೊಡ್ಡವರು ಹೋದ್ರೆ ಎಲ್ಲರೂ ಹೋದ ಹಾಗೆ,” ಎಂದು ಬಾಯಮ್ಮ ಪಿಸುಗುಟ್ಟಿದರು. ನನಗೆ ಅದು ಗೊತ್ತಿತ್ತು. ನಾನು ಎದ್ದು ವಿವರಿಸಲು ಹೊರಟೆ. ಅವರು ನನ್ನ ತೋಳು ಹಿಡಿದು ಕೂರಿಸಿದರು. “ಸುಮ್ಮನೆ ಇರಿ ಮಾಸ್ಟ್ರೇ. ನೀವು ಮಾತಾಡಿದ್ರೆ ದುಭಾಷಿ ಆಯ್ತು.”

ಆಗ ಹಿರಿಯರು ಅಧಿಕಾರಿಗೆ ಬಗ್ಗಿ, ಅಂಗೈ ಬಿಚ್ಚಿ ಬಾಗಿಲಿನತ್ತ ತೋರಿಸಿದರು. “ಸರ್. ದಯವಿಟ್ಟು ಬನ್ನಿ. ಪಂಪ್ ಅಲ್ಲಿದೆ. ಜನ ಅಲ್ಲಿದ್ದಾರೆ. ಇಲ್ಲಿ ಯಾರೂ ಇಲ್ಲ.”

ಅಧಿಕಾರಿ ಗಡಿಯಾರ ನೋಡಿಕೊಂಡರು. ಖಾಲಿ ಕುರ್ಚಿಗಳನ್ನು ನೋಡಿದರು. ಎದ್ದರು.

ಶೆಡ್ಡಿನಲ್ಲಿ ಫಿಟ್ಟರುಗಳು ಕೆಲಸ ನಿಲ್ಲಿಸಿ ಅರ್ಧವೃತ್ತವಾಗಿ ನಿಂತರು. ಅಧಿಕಾರಿಗೆ ಅತಿಥಿಗಳ ಹೆಲ್ಮೆಟ್ ಕೊಟ್ಟರು. ಹಿರಿಯರು ಪಂಪಿನ ಪಕ್ಕ ನಿಂತು ಇಂಗ್ಲಿಷಿನಲ್ಲಿ ಶುರು ಮಾಡಿದರು. ಇವತ್ತು ಈ ಪಂಪಿನ ಮೇಲ್ಭಾಗ ಎತ್ತುತ್ತೇವೆ. ಇದು ಭಾರ. ಇದು ಕೊಕ್ಕೆ. ಕೊಕ್ಕೆಯ ಕೆಳಗೆ ಯಾರೂ ನಿಲ್ಲುವುದಿಲ್ಲ. ಕೈ ಚಾಚಿ ವಿದ್ಯುತ್ ಸ್ವಿಚ್ಚಿನ ಬೀಗವನ್ನು ತೋರಿಸಿದರು. “ಬೀಗ ಹಾಕಿದೆ, ಯೋಶಿ!” ಇಡೀ ತಂಡ ಕೂಗಿತು. ಕೊಕ್ಕೆ. ಸರಪಳಿ. ಕೈಗವಸು. ಕೂಗು ತಗಡಿಗೆ ಬಡಿದು ಮರಳುತ್ತಿತ್ತು. ಕೊನೆಯದಾಗಿ ಹೆಲ್ಮೆಟ್‌ಗಳನ್ನು ಒಂದೊಂದಾಗಿ ನೋಡುತ್ತ ಬಂದು ಅಧಿಕಾರಿಯ ಎದುರು ನಿಂತರು. ಅವರ ಹೆಲ್ಮೆಟ್ಟಿನ ಪಟ್ಟಿ ಗಲ್ಲದ ಕೆಳಗೆ ಬಿಚ್ಚಿ ತೂಗುತ್ತಿತ್ತು.

ಹಿರಿಯರು ಬೆರಳು ಚಾಚಲಿಲ್ಲ. ಅತಿಥಿಗೆ ಬೆರಳು ತೋರಿಸುವುದು ಅವರಲ್ಲಿ ಮರ್ಯಾದೆಯಲ್ಲ. ಅಂಗೈ ಬಿಚ್ಚಿ ತೋರಿಸಿದರು.

“ಪಟ್ಟಿ, ಸರಿ ಇಲ್ಲ,” ಎಂದರು. “ಕೆಲಸ ಶುರು ಮಾಡುವುದಿಲ್ಲ.”

ಅಧಿಕಾರಿ ಪಟ್ಟಿಯನ್ನು ಎಳೆದರು. ಅದು ಸಿಕ್ಕಿಕೊಂಡಿತ್ತು. ಮಲಯಾಳಿ ಫಿಟ್ಟರ್ ಮುಂದೆ ಬಂದು, “ಸಾರಿ ಬಾಸ್,” ಎನ್ನುತ್ತ ಬಿಡಿಸಿ ಹಾಕಿಕೊಟ್ಟ. ಹಿರಿಯರು ಬಗ್ಗಿ ಪಟ್ಟಿಯನ್ನು ಹತ್ತಿರದಿಂದ ನೋಡಿದರು.

“ಪಟ್ಟಿ ಹಾಕಿದೆ. ಯೋಶಿ!”

“ಯೋಶಿ!” ಎಂದಿತು ತಂಡ. ಒಂದು ಗಳಿಗೆ ತಡವಾಗಿ ಅಧಿಕಾರಿಯೂ ಸಣ್ಣ ದನಿಯಲ್ಲಿ “ಯೋಶಿ” ಎಂದರು. ಆಮೇಲೆ ನಕ್ಕು, “ಖಲಾಸ್. ಮುಂದಿನವರು,” ಎಂದರು. ಉಳಿದ ಐವರ ಪರೀಕ್ಷೆಯೂ ಶೆಡ್ಡಿನಲ್ಲೇ ನಡೆಯಿತು. ಇನ್ನೆರಡು ಕಂಪನಿಗಳಿಗೆ ಅವರು ಆ ದಿನ ಹೋದರೋ ಇಲ್ಲವೋ ನನಗೆ ತಿಳಿದಿಲ್ಲ.

ಫಲಿತಾಂಶ ಕ್ರಿಸ್‌ಮಸ್‌ಗೆ ಮೊದಲು ಬಂತು. ಹಿರಿಯರೂ ಇತರ ನಾಲ್ವರೂ ತೇರ್ಗಡೆಯಾಗಿದ್ದರು. ಎಲ್ಲರಿಗಿಂತ ದೊಡ್ಡ ಗಂಟಲಿನ ಆ ಕಿರಿಯ ಒಂದು ಹಂತವನ್ನು ಬಿಟ್ಟುಬಿಟ್ಟಿದ್ದ; ಅವನಿಗೆ ಜನವರಿಯಲ್ಲಿ ಮರುಪರೀಕ್ಷೆ ಆಯಿತು, ಪಾಸಾದ. ಆಮೇಲೆಯೇ ನನ್ನ ಕೆಲಸ ಖಾಯಂ ಆಯಿತು. ಹೆಂಡತಿಗೆ ಫೋನ್ ಮಾಡಿ, ಕೆಲಸದ ಕಾಗದಕ್ಕೆ ಸಹಿಯಾದದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದೆ.

ಅವಳೂ ಮಗಳೂ 2024ರ ಮಾರ್ಚ್ ಕೊನೆಯಲ್ಲಿ ಬಂದರು. ಈಗ ನಾವು ಉಮ್ ಅಲ್ ಹಸ್ಸಮ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಹಿರಿಯರು ಅವಧಿ ಮುಗಿಸಿ ಜಪಾನಿಗೆ ಮರಳಿದ್ದಾರೆ. ತರಗತಿ ಶೆಡ್ಡಿನಲ್ಲೇ ನಡೆಯುತ್ತಿದೆ.